ಕಾವಲಿ ತಣ್ಣಗಾದ ಮೇಲೆ ಕಾಣುವ ಸ್ವಭಾವ

ದಾವಣಗೆರೆಯ ಯಾವುದಾದರೂ ಬೆಣ್ಣೆ ದೋಸೆ ಹೋಟೆಲಿನ ಅಡುಗೆಮನೆಗೆ ಬೆಳಗಿನ ಎಂಟೂವರೆಗೆ ಇಣುಕಿ ನೋಡಿ. ಅಲ್ಲಿ ದುಡಿಯುವ ಆರೇಳು ಜನರಲ್ಲಿ ಯಾರು ಎಂಥವರು ಎಂದು ನಿಮಗೆ ಗೊತ್ತಾಗುವುದಿಲ್ಲ. ಸೌದೆ ಒಲೆಯ ಮೇಲೆ ಕಾವಲಿ ಕಾದಿರುತ್ತದೆ. ಒಬ್ಬ ಹಿಟ್ಟು ಹುಯ್ಯುತ್ತಾನೆ, ಇನ್ನೊಬ್ಬ ಬೆಣ್ಣೆ ಹಾಕುತ್ತಾನೆ, ಮತ್ತೊಬ್ಬ ತಟ್ಟೆಗೆ ಪಲ್ಯ ಚಟ್ನಿ ಬಡಿಸಿ ಹೊರಗೆ ದಾಟಿಸುತ್ತಾನೆ. ಮುಂಗೋಪಿಗೆ ಕೋಪಿಸಿಕೊಳ್ಳಲು ಪುರುಸೊತ್ತಿಲ್ಲ, ಸೋಮಾರಿಗೆ ಕೂರಲು ಜಾಗವಿಲ್ಲ. ಅದೇ ಅಡುಗೆಮನೆಗೆ ಮಧ್ಯಾಹ್ನ ಮೂರಕ್ಕೆ ಹೋಗಿ. ಒಲೆ ಆರಿದೆ, ಗಿರಾಕಿಗಳಿಲ್ಲ, ಮಾಲೀಕ ಊಟಕ್ಕೆ ಹೋಗಿದ್ದಾನೆ. ಒಬ್ಬ ಯಾರೂ ಹೇಳದಿದ್ದರೂ ರುಬ್ಬುವ ಯಂತ್ರವನ್ನು ತೊಳೆಯುತ್ತಿದ್ದಾನೆ. ಒಬ್ಬ ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದಾನೆ. ಮೂರನೆಯವನು ಏನೂ ಮಾಡದೆ ನಿಂತು, ಮೊದಲನೆಯವನು ತೊಳೆಯದೆ ಬಿಟ್ಟ ಮೂಲೆಯನ್ನು ಬೆರಳು ಮಾಡಿ ತೋರಿಸುತ್ತಿದ್ದಾನೆ.

ನನ್ನದು ಲೆಕ್ಕ ಬರೆಯುವ ಕೆಲಸ. ಊರಿನ ಹತ್ತಾರು ಸಣ್ಣ ವ್ಯಾಪಾರಗಳ ಪುಸ್ತಕಗಳು ನನ್ನ ಕೈಯಲ್ಲಿವೆ. ಹೋಟೆಲು, ಮಂಡಕ್ಕಿ ಭಟ್ಟಿ, ಜವಳಿ ಅಂಗಡಿ, ರಕ್ತ ಪರೀಕ್ಷೆಯ ಲ್ಯಾಬು, ಹರಿಹರದ ಕಡೆಯ ಒಂದೆರಡು ಲೇತ್ ಕಾರ್ಖಾನೆಗಳು. ಲೆಕ್ಕದವನ ಎದುರು ಜನ ಜಗಳ ಮುಚ್ಚಿಡುವುದಿಲ್ಲ. ಅವರ ಪಾಲಿಗೆ ನಾವು ಪೀಠೋಪಕರಣದ ಖಾತೆಗೆ ಸೇರಿದವರು. ಹೀಗೆ ಮೂಲೆಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡ ಮಾತುಗಳಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬಿದ್ದದ್ದು ಒಂದು: 'ಅವನ ಸ್ವಭಾವವೇ ಹಾಗೆ.' ಮಾಲೀಕರು ಇದನ್ನು ತೀರ್ಪಿನಂತೆ ಹೇಳಿ ಎದ್ದು ಹೋಗುತ್ತಾರೆ. ಈ ತೀರ್ಪು ಎಷ್ಟು ಸರಿ ಎಂಬ ಕುತೂಹಲದಿಂದ ಮನಶ್ಶಾಸ್ತ್ರದ ಕಡೆ ಇಣುಕಿದೆ. ಅಲ್ಲಿ ಕಂಡದ್ದನ್ನು ನಮ್ಮ ಊರಿನ ಅಂಗಡಿಗಳಿಗೆ ಹೊಂದಿಸಿ ನೋಡುವ ಪ್ರಯತ್ನ ಇದು.

ಮೊದಲು ಆ ಅಡುಗೆಮನೆಯ ವಿಷಯವನ್ನೇ ಮುಗಿಸೋಣ. 1968ರಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಕ್ಷೇತ್ರದಲ್ಲಿ ದೊಡ್ಡ ವಿವಾದ ಎಬ್ಬಿಸಿದ. ಒಬ್ಬ ವ್ಯಕ್ತಿ ಒಂದು ಸಂದರ್ಭದಲ್ಲಿ ನಡೆದುಕೊಂಡ ರೀತಿಯನ್ನು ನೋಡಿ ಇನ್ನೊಂದು ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳುತ್ತಾನೆಂದು ಊಹಿಸುವುದು ನಾವು ಅಂದುಕೊಂಡಿರುವುದಕ್ಕಿಂತ ಕಷ್ಟ ಎಂಬುದು ಅವನ ವಾದ. ಹಾಗಾದರೆ ಸ್ವಭಾವ ಎನ್ನುವುದೇ ಸುಳ್ಳೇ ಎಂದು ಬಹಳ ವರ್ಷ ಕಚ್ಚಾಟ ನಡೆಯಿತು. ಕೊನೆಗೆ ಹೆಚ್ಚಿನವರು ಒಪ್ಪಿದ ಉತ್ತರ ಸರಳವಾಗಿದೆ: ಬಿಗಿಯಾದ ಸಂದರ್ಭಗಳಿವೆ, ಸಡಿಲ ಸಂದರ್ಭಗಳಿವೆ. ಏನು ಮಾಡಬೇಕು, ಯಾವಾಗ ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬುದೆಲ್ಲ ಸ್ಪಷ್ಟವಾಗಿರುವ ಕಡೆ ಎಲ್ಲರೂ ಹೆಚ್ಚು ಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತಾರೆ. ಕೆಂಪು ದೀಪದ ಮುಂದೆ ಧೈರ್ಯಸ್ಥನೂ ಪುಕ್ಕಲನೂ ನಿಲ್ಲುತ್ತಾರೆ. ಏನೂ ಸ್ಪಷ್ಟವಿಲ್ಲದ ಕಡೆ ಒಳಗಿರುವುದು ಹೊರಗೆ ಬರುತ್ತದೆ. ಬೆಳಗಿನ ಕಾವಲಿ ಬಿಗಿ ಸಂದರ್ಭ, ಮಧ್ಯಾಹ್ನದ ಕಾವಲಿ ಸಡಿಲ ಸಂದರ್ಭ. ಆಳು ಒಬ್ಬನೇ, ಹೊತ್ತು ಬೇರೆ.

ಇಲ್ಲೇ ಮಾಲೀಕನ ಮೊದಲ ತಪ್ಪು ಸಿಕ್ಕಿಬೀಳುತ್ತದೆ. ಮಧ್ಯಾಹ್ನ ಯಂತ್ರ ತೊಳೆಯುವುದು ಯಾರ ಕೆಲಸ ಎಂದು ಅವನು ಯಾವತ್ತೂ ಹೇಳಿಲ್ಲ. ಹೇಳದೆ ಬಿಟ್ಟ ಜಾಗದಲ್ಲಿ ಒಬ್ಬ ಸೋಮಾರಿಯಂತೆ ಕಂಡರೆ ಅದನ್ನು ಅವನ ಹುಟ್ಟುಗುಣ ಎಂದು ಬರೆದುಕೊಳ್ಳುತ್ತಾನೆ. ಬೇರೆಯವರ ನಡವಳಿಕೆಗೆ ಕಾರಣ ಹುಡುಕುವಾಗ ನಾವು ಸಂದರ್ಭವನ್ನು ಕಡೆಗಣಿಸಿ ಸ್ವಭಾವವನ್ನೇ ದೂರುತ್ತೇವೆ. 1977ರಲ್ಲಿ ಲೀ ರಾಸ್ ಇದಕ್ಕೆ ಮೂಲಭೂತ ಆರೋಪಣ ದೋಷ ಎಂಬರ್ಥದ ಹೆಸರು ಕೊಟ್ಟ. ಹೆಸರು ಭಾರವಾಗಿದೆ, ಅನುಭವ ಹಳೆಯದು. ನಾನು ತಡವಾಗಿ ಬಂದರೆ ರೈಲ್ವೆ ಗೇಟು ಹಾಕಿತ್ತು. ನೀನು ತಡವಾಗಿ ಬಂದರೆ ನಿನಗೆ ಶಿಸ್ತಿಲ್ಲ.

ಹಾಗೆಂದು ಸ್ವಭಾವವೇನೂ ಕಟ್ಟುಕತೆಯಲ್ಲ. ಅದನ್ನು ಅಳೆಯಲು ಹೊರಟವರು ಹಿಡಿದ ದಾರಿ ನನಗೆ ಬಹಳ ಇಷ್ಟ. ಮನುಷ್ಯರ ನಡುವೆ ಮುಖ್ಯವೆನಿಸುವ ವ್ಯತ್ಯಾಸಗಳಿಗೆಲ್ಲ ಜನ ಎಂದೋ ಒಂದು ಪದ ಮಾಡಿಕೊಂಡಿರುತ್ತಾರೆ, ಆದ್ದರಿಂದ ನಿಘಂಟಿನಲ್ಲೇ ಹುಡುಕೋಣ ಎಂದು ಅವರು ಯೋಚಿಸಿದರು. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷ್ ನಿಘಂಟೊಂದರಿಂದ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಕನ್ನಡದಲ್ಲಿ ಈ ಕೆಲಸಕ್ಕೆ ಕೂತರೆ ಪದಗಳಿಗೆ ಬರವಿಲ್ಲ: ಮುಂಗೋಪಿ, ಹುಂಬ, ಬಾಯಿಬಡುಕ, ಗುಮ್ಮನಗುಸುಕ, ನಿಧಾನಸ್ಥ, ಎಡಬಿಡಂಗಿ. ಒಂದೇ ಪದ ಸಾಲದಾದಾಗ ಅಡ್ಡಗೋಡೆಯ ಮೇಲೆ ದೀಪ ಇಡುವವನು, ಕಡ್ಡಿಯನ್ನು ಗುಡ್ಡ ಮಾಡುವವನು ಎಂದು ಚಿತ್ರವನ್ನೇ ಬಿಡಿಸುತ್ತೇವೆ. ಇಂಥ ಪದಗಳಲ್ಲಿ ಯಾವುವು ಯಾವುದರ ಜೊತೆ ಹೋಗುತ್ತವೆ ಎಂದು ಲೆಕ್ಕ ಹಾಕುತ್ತಾ ಹಲವು ದಶಕ ಕಳೆದ ಮೇಲೆ ಐದು ದೊಡ್ಡ ಗುಂಪುಗಳು ಉಳಿದವು. ಹೊಸತಿಗೆ ತೆರೆದುಕೊಳ್ಳುವುದು, ಅಚ್ಚುಕಟ್ಟು ಮತ್ತು ಹೊಣೆಗಾರಿಕೆ, ಬಹಿರ್ಮುಖತೆ, ಇನ್ನೊಬ್ಬರೊಂದಿಗೆ ಹೊಂದಿಕೊಳ್ಳುವುದು, ಬೇಗ ಕಳವಳಗೊಳ್ಳುವುದು. ಪ್ರತಿಯೊಂದೂ ತಕ್ಕಡಿಯಂತೆ, ಎಲ್ಲರಲ್ಲೂ ಎಲ್ಲವೂ ಇವೆ, ತೂಕ ಹೆಚ್ಚು ಕಡಿಮೆ.

ಕಚೇರಿಗಳಲ್ಲಿ ಇದಕ್ಕಿಂತ ಹೆಚ್ಚು ಹೆಸರು ಮಾಡಿರುವುದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆ, ಮನುಷ್ಯರನ್ನು ಹದಿನಾರು ಬಗೆಗಳಾಗಿ ವಿಂಗಡಿಸುವಂಥದ್ದು. ಕಾರ್ಲ್ ಯೂಂಗ್‌ನ ವಿಚಾರಗಳನ್ನು ಹಿಡಿದು ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಕಟ್ಟಿದ್ದು; ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ತಕ್ಕಡಿಯನ್ನು ಮುರಿದು ಎರಡು ಡಬ್ಬ ಮಾಡಿದ್ದೇ ಅದರ ದೋಷ. ನಡುವೆ ನಿಂತವನನ್ನು ಎಳೆದು ಒಂದು ಡಬ್ಬಕ್ಕೆ ಹಾಕಬೇಕು, ಮುಂದಿನ ತಿಂಗಳು ಅವನೇ ಮತ್ತೆ ಉತ್ತರಿಸಿದರೆ ಇನ್ನೊಂದು ಡಬ್ಬದಲ್ಲಿರುತ್ತಾನೆ. ಮದುವೆಗೆ ಜಾತಕ ನೋಡುವವರು ನಾವೇ ಆದ್ದರಿಂದ ಹದಿನಾರು ಮನೆಯ ಈ ಕುಂಡಲಿ ನಮಗೆ ಬೇಗ ಹಿಡಿಸುತ್ತದೆ.

ಐದು ಗುಣಗಳಲ್ಲಿ ಕೆಲಸಕ್ಕೆ ಯಾವುದು ಮುಖ್ಯ? 1991ರಲ್ಲಿ ಮರ್ರೆ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ ಅದುವರೆಗಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಲ್ಲ ಬಗೆಯ ಉದ್ಯೋಗಗಳಲ್ಲೂ ಒಳ್ಳೆಯ ಕೆಲಸದ ಜೊತೆಗೆ ನಿಂತದ್ದು ಒಂದೇ ಗುಣ, ಅಚ್ಚುಕಟ್ಟು ಮತ್ತು ಹೊಣೆಗಾರಿಕೆ. ಆ ನಂಟು ತೀರಾ ಗಟ್ಟಿಯಲ್ಲ, ಆದರೆ ಎಲ್ಲ ಕಡೆಯೂ ಕಾಣಿಸಿತು. ಬಹಿರ್ಮುಖತೆ ಮಾರಾಟಗಾರರಿಗೂ ವ್ಯವಸ್ಥಾಪಕರಿಗೂ ಸ್ವಲ್ಪ ನೆರವಾಗುತ್ತದೆ. ಅದರಲ್ಲೂ ಒಂದು ತಿರುವಿದೆ. ಆ್ಯಡಮ್ ಗ್ರಾಂಟ್ 2013ರಲ್ಲಿ ಫೋನ್ ಮೂಲಕ ಮಾರಾಟ ಮಾಡುವವರನ್ನು ಪರಿಶೀಲಿಸಿದಾಗ ಹೆಚ್ಚು ಹಣ ತಂದವರು ಅತಿ ಮಾತಿನವರೂ ಆಗಿರಲಿಲ್ಲ, ಅತಿ ಮೌನಿಗಳೂ ಆಗಿರಲಿಲ್ಲ, ನಡುವಿನವರು. ಮಾತನಾಡುವಷ್ಟೇ ಕೇಳಿಸಿಕೊಳ್ಳುವವರು. ನಮ್ಮ ಜವಳಿ ಅಂಗಡಿಗಳಲ್ಲಿ 'ಚುರುಕು ಮಾತಿನ ಹುಡುಗರು ಬೇಕಾಗಿದ್ದಾರೆ' ಎಂಬ ಫಲಕ ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಜವಳಿ ಅಂಗಡಿಯ ಮಾತು ಬಂತಲ್ಲ, ನಾನು ಹತ್ತಿರದಿಂದ ಕಂಡ ಒಂದು ಅಂಗಡಿಯ ಕತೆ ಹೇಳುತ್ತೇನೆ. ಹೆಸರು ಬೇಡ. ಮದುವೆ ಜವಳಿಗೆ ಸುತ್ತಲಿನ ತಾಲ್ಲೂಕುಗಳಿಂದ ಜನ ಬರುವ, ಎರಡು ಮಹಡಿಯ, ಒಂಬತ್ತು ಮಂದಿ ಮಾರಾಟಗಾರರ ಅಂಗಡಿ. ಅವರಲ್ಲಿ ಒಬ್ಬ ಹಿರಿಯ. ಮಾತು ಕಡಿಮೆ. ಆದರೆ ಮೊಳಕಾಲ್ಮೂರು ಸೀರೆ ಕೇಳಿ ಬಂದವರಿಗೆ ಅಂಚನ್ನು ಬೆಳಕಿಗೆ ಹಿಡಿದು, ಇದು ಕೈಮಗ್ಗದ್ದು, ಇದು ಅಲ್ಲ, ಇದು ಏಕೆ ಅಲ್ಲ ಎಂದು ಅರ್ಧ ಗಂಟೆ ವಿವರಿಸುತ್ತಿದ್ದ. ಅವನು ವಿವರಿಸುವಾಗ ಗಿರಾಕಿಯ ಜೊತೆ ಬಂದ ಅಜ್ಜಿಯೂ ತಲೆ ಆಡಿಸುತ್ತಿದ್ದಳು. ಹೀಗೆ ನಡೆಯುತ್ತಿದ್ದ ಅಂಗಡಿಗೆ ಮಾಲೀಕ ಒಂದು ಹೊಸ ಪದ್ಧತಿ ತಂದ: ಯಾರ ಹೆಸರಿನಲ್ಲಿ ಬಿಲ್ ಆಗುತ್ತದೋ ಅವರಿಗೆ ನೂರಕ್ಕೆ ಒಂದು ರೂಪಾಯಿ ಕಮಿಷನ್.

ಮೊದಲ ತಿಂಗಳು ವ್ಯಾಪಾರ ಏರಿತು. ಮಾಲೀಕ ನನಗೆ ಕಾಫಿ ಕುಡಿಸಿದ. ಎರಡನೆಯ ತಿಂಗಳಿಗೆ ಒಂಬತ್ತು ಮಂದಿಯೂ ಬಾಗಿಲ ಬಳಿ ನಿಲ್ಲತೊಡಗಿದರು. ಒಳಗೆ ಬಂದವರ ಕೈಯಲ್ಲಿ ಜವಳಿಯ ಪಟ್ಟಿ ಇದೆಯೇ ಎಂದು ನೋಡಿ ಮುಗಿಬೀಳುವುದು, ಟವೆಲ್ ಕೇಳಿದವರಿಗೆ 'ಅಲ್ಲಿ ನೋಡಿ' ಎಂದು ಕೈ ತೋರಿಸುವುದು. ಬಿಚ್ಚಿದ ಸೀರೆಗಳನ್ನು ಮಡಿಸಲು ಯಾರೂ ಸಿದ್ಧರಿರಲಿಲ್ಲ. ಮಡಿಸುವುದಕ್ಕೆ ಕಮಿಷನ್ ಇರಲಿಲ್ಲವಲ್ಲ. ಹಿರಿಯ ಅರ್ಧ ಗಂಟೆ ವಿವರಿಸಿದ ಮೇಲೆ ಇನ್ನೊಬ್ಬ ಬಂದು 'ಬನ್ನಿ ಅಮ್ಮ, ಬಿಲ್ ಮಾಡಿಸುತ್ತೇನೆ' ಎಂದು ಗಿರಾಕಿಯನ್ನು ಕರೆದುಕೊಂಡು ಹೋಗುತ್ತಿದ್ದ. ಮೂರನೆಯ ತಿಂಗಳು ಬದಲಾಯಿಸಲು ವಾಪಸು ಬಂದ ಮಾಲಿನ ಖಾತೆ ದಪ್ಪವಾಯಿತು. ನಾಲ್ಕನೆಯ ತಿಂಗಳು ಹಿರಿಯ ಕೆಲಸ ಬಿಟ್ಟ. 'ಅವನಲ್ಲಿ ಚುರುಕಿಲ್ಲ, ಅವನ ಸ್ವಭಾವವೇ ಹಾಗೆ' ಎಂದ ಮಾಲೀಕ.

ಸ್ವಭಾವ ಒಬ್ಬ ಮನುಷ್ಯ ಹೇಗೆ ಕೆಲಸ ಮಾಡಬಲ್ಲ ಎಂದು ಹೇಳಿದರೆ, ಏಕೆ ಮಾಡುತ್ತಾನೆ ಎಂಬುದಕ್ಕೆ ಪ್ರೇರಣೆಯ ಕಡೆ ನೋಡಬೇಕು. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಈ ಅಂಗಡಿಗೆಂದೇ ಮಾಡಿದಂತಿದೆ. ಮರದ ತುಂಡುಗಳನ್ನು ಜೋಡಿಸಿ ಆಕಾರ ಮಾಡುವ ಆಟವನ್ನು ವಿದ್ಯಾರ್ಥಿಗಳಿಗೆ ಕೊಟ್ಟ. ಕೆಲವರಿಗೆ ಒಂದು ಹಂತದಲ್ಲಿ ಬಿಡಿಸಿದ ಪ್ರತಿ ಆಕಾರಕ್ಕೂ ಹಣ ಸಿಕ್ಕಿತು, ಉಳಿದವರಿಗೆ ಇಲ್ಲ. ನಡುವೆ ಪ್ರಯೋಗ ನಡೆಸುವವನು ನೆಪ ಹೇಳಿ ಹೊರಗೆ ಹೋಗುತ್ತಿದ್ದ. ಆ ಬಿಡುವಿನಲ್ಲಿ ಯಾರು ತಾವಾಗಿ ಆಟ ಮುಂದುವರಿಸುತ್ತಾರೆ ಎಂಬುದೇ ನಿಜವಾದ ಅಳತೆ. ಹಣ ಪಡೆದವರಿಗೆ ಆಮೇಲೆ ಹಣ ನಿಂತಾಗ, ಆಟದ ಮೇಲಿನ ಆಸಕ್ತಿಯೂ ಮೊದಲಿಗಿಂತ ಇಳಿದಿತ್ತು. ಎರಡು ವರ್ಷಗಳ ಬಳಿಕ ಪುಟ್ಟ ಮಕ್ಕಳ ಮೇಲೆ ಬಣ್ಣದ ಪೆನ್ನುಗಳ ಇಂಥದ್ದೇ ಇನ್ನೊಂದು ಪ್ರಯೋಗ ನಡೆಯಿತು. ಚಿತ್ರ ಬರೆದರೆ ಬಹುಮಾನವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು. ಹೇಳದೆ ಬಹುಮಾನ ಕೊಟ್ಟವರಲ್ಲಿ ಹಾಗಾಗಲಿಲ್ಲ.

ಇದನ್ನು ಓದಿ ಹಣವೇ ಬೇಡ ಎಂಬ ತೀರ್ಮಾನಕ್ಕೆ ಬರುವ ಮಾಲೀಕರೂ ಇದ್ದಾರೆ, ಅವರ ಬಗ್ಗೆ ನನಗೆ ಸಿಟ್ಟು. ಸಂಬಳವನ್ನು ಹನ್ನೆರಡನೆಯ ತಾರೀಖಿನವರೆಗೆ ಎಳೆಯುವ ಒಂದು ಕಡೆ ಗಲ್ಲಾಪೆಟ್ಟಿಗೆಯ ಮೇಲೆ 'ಕಾಯಕವೇ ಕೈಲಾಸ' ಎಂಬ ಚಿನ್ನದ ಬಣ್ಣದ ಫಲಕವಿದೆ. ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಇನ್ನೂರು ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ ಬರೆದದ್ದು ಅಲ್ಲಿ ಪಕ್ಕದಲ್ಲೇ ತೂಗಬೇಕಾದದ್ದು. (ಲೆಕ್ಕಿಗರನ್ನು ಯಾರೋ ಕೇಳಿದರಲ್ಲ ಎಂದು ನನಗೆ ಸಂತೋಷ.) ಸಂಬಳ, ಕೂರಲು ಜಾಗ, ಮೇಲಿನವರ ನಡವಳಿಕೆ ಕೆಟ್ಟರೆ ಜನ ರೋಸಿಹೋಗುತ್ತಾರೆ, ಅವು ಸರಿಯಿದ್ದ ಮಾತ್ರಕ್ಕೆ ಹುರುಪು ಬರುವುದಿಲ್ಲ. ಹುರುಪು ಬರುವುದು ಕೆಲಸದ ಒಳಗಿನಿಂದ, ಸಾಧಿಸಿದ ತೃಪ್ತಿ, ಹೊಣೆ, ಮನ್ನಣೆಗಳಿಂದ. ಎರಡೂ ಬೇರೆ ಬೇರೆ ಖಾತೆಗಳು, ಒಂದರ ಜಮೆಯಿಂದ ಇನ್ನೊಂದರ ಸಾಲ ತೀರದು ಎಂಬುದು ಅವನ ಮಾತಿನ ಸಾರ. ಅವನ ವಿಂಗಡಣೆಯನ್ನು ಆಮೇಲೆ ಬಹಳ ಜನ ಪ್ರಶ್ನಿಸಿದ್ದಾರೆ. ಒಳ್ಳೆಯದನ್ನು ತಮಗೂ ಕೆಟ್ಟದ್ದನ್ನು ಪರಿಸರಕ್ಕೂ ಹೊರಿಸುವ ಚಾಳಿ ಉತ್ತರ ಕೊಟ್ಟವರಿಗೂ ಇರುತ್ತದಲ್ಲ. ಹಾಗಿದ್ದರೂ ಹನ್ನೆರಡನೆಯ ತಾರೀಖಿನ ಅಂಗಡಿಗೆ ಅಷ್ಟು ಸಾಕು.

ಡೆಸಿ ತನ್ನ ಜೊತೆಗಾರ ರಿಚರ್ಡ್ ರಯಾನ್‌ನೊಂದಿಗೆ ಮುಂದೆ ಕಟ್ಟಿದ ಸಿದ್ಧಾಂತ ಮೂರು ಹಸಿವುಗಳನ್ನು ಹೆಸರಿಸುತ್ತದೆ: ನನ್ನ ಕೆಲಸದಲ್ಲಿ ನನ್ನ ಮಾತು ನಡೆಯಬೇಕು, ನಾನು ಇದರಲ್ಲಿ ನುರಿತವನು ಎನಿಸಬೇಕು, ನಾನು ಈ ಜನರವನು ಎನಿಸಬೇಕು. ಕಮಿಷನ್ ಬಂದ ಮೇಲೆ ಆ ಹಿರಿಯನ ಮೂರೂ ಹಸಿವುಗಳಿಗೆ ಏನಾಯಿತು ನೋಡಿ. ಯಾವ ಗಿರಾಕಿಗೆ ಎಷ್ಟು ಹೊತ್ತು ಕೊಡಬೇಕೆಂಬುದು ಅವನ ಕೈ ತಪ್ಪಿತು. ಅವನ ಪರಿಣತಿಗೆ ಬಿಲ್ಲಿನಲ್ಲಿ ಜಾಗವಿರಲಿಲ್ಲ. ಹತ್ತಾರು ವರ್ಷ ಒಟ್ಟಿಗೆ ಊಟದ ಡಬ್ಬಿ ಬಿಚ್ಚಿದವರು ಬಾಗಿಲ ಬಳಿಯ ಪ್ರತಿಸ್ಪರ್ಧಿಗಳಾದರು. ಅವನು ಚುರುಕಾಗಿದ್ದರೂ ಬಿಡುತ್ತಿದ್ದನೇನೋ.

ಎಲ್ಲರ ಹಸಿವೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಡೇವಿಡ್ ಮೆಕ್‌ಲೆಲ್ಯಾಂಡ್ ಇದನ್ನು ಬೇರೆ ರೀತಿ ಹೇಳಿದ: ಕೆಲವರಿಗೆ ಸಾಧನೆಯ ತುಡಿತ, ಕೆಲವರಿಗೆ ನಂಟಿನ ತುಡಿತ, ಕೆಲವರಿಗೆ ಪ್ರಭಾವದ ತುಡಿತ. ಸಾಧನೆಯ ತುಡಿತದವರನ್ನು ಗುರುತಿಸಲು ಅವನು ಗೂಟಕ್ಕೆ ಬಳೆ ಎಸೆಯುವ ಆಟ ಆಡಿಸಿದ್ದುಂಟು. ಅವರು ತೀರಾ ಹತ್ತಿರ ನಿಲ್ಲುವುದಿಲ್ಲ, ತೀರಾ ದೂರವೂ ನಿಲ್ಲುವುದಿಲ್ಲ. ಸೋಲುವ ಭಯವೂ ಗೆಲ್ಲುವ ಆಸೆಯೂ ಎರಡೂ ಇರುವ ನಡುವಿನ ಜಾಗ ಆರಿಸಿಕೊಳ್ಳುತ್ತಾರೆ. 1960ರ ದಶಕದಲ್ಲಿ ಅವನು ಪಕ್ಕದ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಈ ತುಡಿತ ಹೆಚ್ಚಿಸುವ ತರಬೇತಿ ಕೊಡಿಸಿದ. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಬಂಡವಾಳ ಹೂಡಿದರು, ಹೊಸ ಕೆಲಸಗಳಿಗೆ ಕೈ ಹಾಕಿದರು. ಸ್ವಭಾವ ಹಣೆಬರಹ ಎಂದು ನಂಬುವವರು ಕಾಕಿನಾಡದ ಈ ಪ್ರಸಂಗವನ್ನು ಒಮ್ಮೆ ಗಮನಿಸಬೇಕು. ಸಾಧನೆಯ ತುಡಿತದ ಮಾರಾಟಗಾರನನ್ನು ಮೇಲ್ವಿಚಾರಕನನ್ನಾಗಿ ಮಾಡಿ ಎರಡೂ ಕಡೆ ಕಳೆದುಕೊಂಡ ಅಂಗಡಿಗಳನ್ನೂ ಕಂಡಿದ್ದೇನೆ. ಅವನಿಗೆ ಬೇಕಾಗಿದ್ದದ್ದು ಮುಂದಿನ ಕಷ್ಟದ ಗಿರಾಕಿ, ಎಂಟು ಜನರ ರಜೆಯ ಚೀಟಿಗಳಲ್ಲ.

ಇಲ್ಲಿಯವರೆಗೆ ಒಬ್ಬೊಬ್ಬರ ಮಾತಾಯಿತು. ಜನ ಗುಂಪಾದಾಗ ಇನ್ನೊಂದು ಲೆಕ್ಕ ಶುರುವಾಗುತ್ತದೆ, ಅದನ್ನು ತೇರು ಎಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ತೇರಿಗೆ ಸಾವಿರಾರು ಕೈಗಳು. ಹಗ್ಗ ಮುಟ್ಟಿದವರೆಲ್ಲ ಎಳೆದವರೇ? ನಾನು ಹಗ್ಗ ಹಿಡಿದದ್ದು ನಿಜ, ಆದರೆ ನನ್ನ ಬಲದಿಂದ ಚಕ್ರ ಒಂದು ಗೇಣು ಉರುಳಿತೆಂದು ದೇವರ ಮುಂದೆ ಪ್ರಮಾಣ ಮಾಡಲಾರೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಇದನ್ನೇ ಅಳೆದು 1913ರಲ್ಲಿ ಪ್ರಕಟಿಸಿದ. ಗುಂಪು ದೊಡ್ಡದಾದಂತೆ ಒಬ್ಬೊಬ್ಬರ ಬಲ ಇಳಿಯುತ್ತಾ ಹೋಯಿತು. ಎಂಟು ಜನ ಸೇರಿದಾಗ ತಲಾ ಬಲ ಒಂಟಿಯಾಗಿ ಹಾಕುವುದರ ಸುಮಾರು ಅರ್ಧಕ್ಕೆ ಬಂದಿತ್ತು. ಕೈಗಳು ಒಂದೇ ಕ್ಷಣಕ್ಕೆ ಜಗ್ಗದಿರುವುದರಿಂದ ಹೀಗಾಗುತ್ತದೆಯೋ, ಮನಸ್ಸು ಹಿಂದೆ ಸರಿಯುವುದರಿಂದಲೋ? 1974ರಲ್ಲಿ ಅಲನ್ ಇಂಗಮ್ ಮತ್ತು ಸಂಗಡಿಗರು ಜಾಣತನದ ಉಪಾಯ ಹೂಡಿದರು. ಒಬ್ಬನ ಕಣ್ಣು ಕಟ್ಟಿ ಹಗ್ಗದ ಮುಂದೆ ನಿಲ್ಲಿಸಿ, ಹಿಂದೆ ಇನ್ನೂ ಕೆಲವರು ಜಗ್ಗುತ್ತಿದ್ದಾರೆ ಎಂದು ನಂಬಿಸಿದರು. ಹಿಂದೆ ನಿಂತವರು ಜಗ್ಗುವ ನಟನೆ ಮಾತ್ರ ಮಾಡುತ್ತಿದ್ದರು. ಅವನು ಒಬ್ಬನೇ ಜಗ್ಗುತ್ತಿದ್ದರೂ ಕಡಿಮೆ ಜಗ್ಗಿದ. 1979ರಲ್ಲಿ ಬಿಬ್ ಲಟಾನೆ ಮತ್ತು ಜೊತೆಗಾರರು ಚಪ್ಪಾಳೆ, ಕೂಗುಗಳಲ್ಲೂ ಇದನ್ನೇ ಕಂಡರು. ಯಾರ ಸದ್ದು ಯಾರದೆಂದು ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ ಎಂದು ತಿಳಿಸಿದ ಮುಂದಿನ ಪ್ರಯೋಗಗಳಲ್ಲಿ ಈ ಮೈಗಳ್ಳತನ ಮಾಯವಾಯಿತು.

ಸೋಮಾರಿಗಳು ಎಂದು ಕರೆಸಿಕೊಳ್ಳುವ ಬಹಳ ಜನ ಕಣ್ಣು ಕಟ್ಟಿಸಿಕೊಂಡು ಹಗ್ಗ ಹಿಡಿದವರೇ ಇರಬಹುದು. ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಯಾರು ಎಷ್ಟು ಸಲ ಬೆನ್ನು ಬಗ್ಗಿಸಿದರು ಎಂಬುದು ಎಲ್ಲರ ಕಣ್ಣ ಮುಂದೆಯೇ ಇದೆ. ಅದೇ ಆರು ಜನ ಕೂತು ಒಂದು ವರದಿ ಬರೆಯುವ ಕಚೇರಿಯಲ್ಲಿ ಯಾರ ಪಾಲು ಯಾವುದೆಂದು ಬರೆದವರಿಗೇ ತಿಳಿಯದು.

ನಾಯಕನಹಟ್ಟಿಯ ಹೆಸರು ತೆಗೆದ ಮೇಲೆ ಅಲ್ಲಿಯ ಇನ್ನೊಂದು ಮಾತು ಬಿಡಲಾಗದು. ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದಾಗ ದುಡಿದವರಿಗೆ ಅವರವರು ದುಡಿದಷ್ಟೇ ಕೂಲಿ ಸಿಗುತ್ತಿತ್ತೆಂದು ಜನ ನಂಬುತ್ತಾರೆ; 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಈ ಸೀಮೆಯಲ್ಲಿ ಬಸ್ಸುಗಳ ಗಾಜಿನ ಮೇಲೂ ಕಾಣುತ್ತದೆ. 1960ರ ದಶಕದ ಆರಂಭದಲ್ಲಿ ಸ್ಟೇಸಿ ಆ್ಯಡಮ್ಸ್ ಮಂಡಿಸಿದ ನ್ಯಾಯದ ಸಿದ್ಧಾಂತ ಇದರ ನೆರೆಮನೆಯದು. ಮನುಷ್ಯ ತನಗೆ ಸಿಕ್ಕಿದ್ದನ್ನು ಮಾತ್ರ ಎಣಿಸುವುದಿಲ್ಲ. ತಾನು ಹಾಕಿದ್ದಕ್ಕೆ ಸಿಕ್ಕಿದ್ದೆಷ್ಟು, ಪಕ್ಕದವನು ಹಾಕಿದ್ದಕ್ಕೆ ಅವನಿಗೆ ಸಿಕ್ಕಿದ್ದೆಷ್ಟು ಎಂದು ಎರಡನ್ನೂ ತೂಗುತ್ತಾನೆ. ತಕ್ಕಡಿ ವಾಲಿದರೆ ಸರಿ ಮಾಡಿಕೊಳ್ಳುತ್ತಾನೆ: ಜಾಸ್ತಿ ಕೇಳುತ್ತಾನೆ, ಇಲ್ಲವೇ ಕಡಿಮೆ ದುಡಿಯುತ್ತಾನೆ, ಇಲ್ಲವೇ ಹೊರಡುತ್ತಾನೆ. ನಮ್ಮ ಹಿರಿಯ ಹೊರಟ.

ದುಡಿದಷ್ಟು ಕೂಲಿ ಎಂದರೆ ಎಲ್ಲವೂ ಸುಸೂತ್ರ ಎನ್ನುವುದೂ ಸುಳ್ಳು. ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1931-32ರಲ್ಲಿ ದೂರವಾಣಿ ಉಪಕರಣಗಳಿಗೆ ತಂತಿ ಜೋಡಿಸುವ ಹದಿನಾಲ್ಕು ಮಂದಿಯನ್ನು ಒಂದು ಕೋಣೆಯಲ್ಲಿ ಕೂರಿಸಿ ತಿಂಗಳುಗಟ್ಟಲೆ ಗಮನಿಸಿದರು. ಹೆಚ್ಚು ಮಾಡಿದರೆ ಹೆಚ್ಚು ಹಣ. ಆದರೂ ದಿನಕ್ಕೆ ಎರಡು ಉಪಕರಣ ಸಾಕು ಎಂದು ಅವರೇ ಒಳಗೊಳಗೆ ಗೆರೆ ಎಳೆದುಕೊಂಡಿದ್ದರು. ಗೆರೆ ದಾಟಿದವನನ್ನು ಹೀಯಾಳಿಸುತ್ತಿದ್ದರು, ತೋಳಿಗೆ ಗುದ್ದುತ್ತಿದ್ದರು. ಹೆಚ್ಚು ಮಾಡಿ ತೋರಿಸಿದರೆ ಮೇಲಿನವರು ದರ ಇಳಿಸುತ್ತಾರೆ, ಇಲ್ಲವೇ ನಮ್ಮಲ್ಲಿ ಕೆಲವರನ್ನು ಮನೆಗೆ ಕಳಿಸುತ್ತಾರೆ ಎಂಬ ಅಂಜಿಕೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡು, ಗಿರಣಿಗಳು ಮುಚ್ಚಿದ್ದನ್ನೂ ಕಂಡ ಊರಿನಲ್ಲಿ ಈ ಅಂಜಿಕೆಯನ್ನು ವಿವರಿಸಬೇಕಿಲ್ಲ. ಮಂಡಕ್ಕಿ ಭಟ್ಟಿಯೊಂದರಲ್ಲಿ ಹೊಸ ಹುಡುಗನೊಬ್ಬ ಹುರುಪಿನಲ್ಲಿ ಎಲ್ಲರಿಗಿಂತ ಹೆಚ್ಚು ಚೀಲ ತುಂಬಿದಾಗ ಹಳೆಯ ಹೆಂಗಸೊಬ್ಬರು ಮೆಲ್ಲಗೆ ಅಂದದ್ದನ್ನು ಕೇಳಿದ್ದೇನೆ: 'ನಾಳೆಯೂ ಬದುಕಬೇಕಪ್ಪಾ.' ಮಾಲೀಕನ ಪುಸ್ತಕದಲ್ಲಿ ಆಕೆ ನಿಧಾನಸ್ಥೆ. ಆಕೆಯ ಲೆಕ್ಕ ಮಾಲೀಕನದಕ್ಕಿಂತ ಉದ್ದದ್ದು.

ಹಾಗಾದರೆ ಒಬ್ಬನ ಸ್ವಭಾವ ಇಡೀ ತಂಡವನ್ನು ಕೆಡಿಸುವುದೇ ಇಲ್ಲವೇ? ಕೆಡಿಸುತ್ತದೆ, ಕೆಲಸದ ಹೆಣಿಗೆ ಹೇಗಿದೆ ಎಂಬುದರ ಮೇಲೆ. ಐವನ್ ಸ್ಟೈನರ್ 1972ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ಉಪಯುಕ್ತ. ತೇರಿನಲ್ಲಿ ಎಲ್ಲರ ಬಲ ಕೂಡಿಕೊಳ್ಳುತ್ತದೆ, ಒಬ್ಬ ಸುಮ್ಮನಿದ್ದರೂ ತೇರು ನಿಲ್ಲುವುದಿಲ್ಲ. ಕೆಟ್ಟ ಯಂತ್ರದ ದೋಷ ಹುಡುಕುವಾಗ ಒಬ್ಬನಿಗೆ ಹೊಳೆದರೆ ಸಾಕು. ದೋಸೆಯ ಅಡುಗೆಮನೆಯಂತೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಸಾಗುವ ಕೆಲಸದಲ್ಲಿ ಮಾತ್ರ ಇಡೀ ತಂಡದ ವೇಗ ಅತಿ ನಿಧಾನದವನ ವೇಗ. ನೈಜ ಉದ್ಯೋಗಗಳ ತಂಡಗಳ ಮೇಲಿನ ಅಧ್ಯಯನಗಳನ್ನು 2007ರಲ್ಲಿ ಒಟ್ಟಿಗೆ ಪರಿಶೀಲಿಸಿದ ಸುಝೇನ್ ಬೆಲ್ ಕಂಡದ್ದೂ ಇದಕ್ಕೆ ಹತ್ತಿರವಿದೆ: ತಂಡದಲ್ಲಿ ಅತ್ಯಂತ ಒರಟನಾದವನು ಎಷ್ಟು ಒರಟ ಎಂಬುದು ಕೆಲಸದ ಗುಣಮಟ್ಟವನ್ನು ಸೂಚಿಸುತ್ತದೆ. ಹಾಲು ಎಷ್ಟು ಲೀಟರ್ ಇದ್ದರೇನು, ಹುಳಿ ಒಂದೇ ತೊಟ್ಟು.

ಎಲ್ಲರೂ ಸೌಮ್ಯರಾಗಿಬಿಟ್ಟರೆ ಇನ್ನೊಂದು ತೊಂದರೆ. ಆಸ್ಪತ್ರೆಗಳ ಊರಾದ ದಾವಣಗೆರೆಯವರಿಗೆ ಏಮಿ ಎಡ್ಮಂಡ್‌ಸನ್ ಕತೆ ರುಚಿಸಬೇಕು. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ದಾದಿಯರ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸುವ ಅಧ್ಯಯನದಲ್ಲಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕೆಂಬುದು ನಿರೀಕ್ಷೆ. ಎಣಿಸಿದರೆ ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು! ಗಾಬರಿಯಾಗಿ ಹತ್ತಿರ ಹೋಗಿ ನೋಡಿದಾಗ ತಿಳಿದದ್ದು, ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೆಚ್ಚು ತಪ್ಪುಗಳನ್ನು ಬಾಯಿಬಿಟ್ಟು ಹೇಳುತ್ತಿದ್ದವು. ಉಳಿದ ಕಡೆ ಮುಚ್ಚಿಟ್ಟಿದ್ದರು. ಮಾತನಾಡಿದರೆ ಮಾನ ಹೋಗದು ಎಂಬ ಈ ಭರವಸೆಯ ಮೇಲೆ ಅವರು 1999ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಯಿತು. ಗೂಗಲ್ ತನ್ನ 180 ತಂಡಗಳನ್ನು ಜಾಲಾಡಿದಾಗಲೂ ಯಾರು ಯಾರಿದ್ದಾರೆ ಎಂಬುದಕ್ಕಿಂತ ಅವರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಮೇಲಾಯಿತು. ಪಟ್ಟಿಯ ಮೊದಲಲ್ಲೇ ಇದ್ದದ್ದು ಇದೇ ಭರವಸೆ. ನಾನು ಲೆಕ್ಕ ಬರೆಯುವ ಲ್ಯಾಬಿನಲ್ಲಿ ಮಾದರಿಯ ಶೀಶೆಯ ಚೀಟಿ ಅದಲುಬದಲಾದರೆ ಹೇಳಿದವರಿಗೆ ಬೈಗುಳವಿಲ್ಲ ಎಂಬ ರೂಢಿಯಿದೆ. ಮಾಲೀಕರು ಅದನ್ನು ಎಲ್ಲೂ ಓದಿದವರಲ್ಲ, ಒಮ್ಮೆ ಪೆಟ್ಟು ತಿಂದವರು.

ಇನ್ನು ಆ ಜವಳಿ ಅಂಗಡಿ. ಹಿರಿಯ ಬಿಟ್ಟ ಎಂಟು ತಿಂಗಳ ಮೇಲೆ ಮಾಲೀಕ ಪುಸ್ತಕ ತೆರೆಸಿದ. ರೇಷ್ಮೆ ವಿಭಾಗದ ವ್ಯಾಪಾರ ಕುಸಿದಿತ್ತು, ಮಾಲು ಉಳಿದಿತ್ತು. ನಾನು ಲೆಕ್ಕದವನು, ಸಲಹೆಗಾರನಲ್ಲ. ಆದರೂ ವಾಪಸು ಬಂದ ಮಾಲಿನ ಪುಟವನ್ನು ತೆರೆದೇ ಇಟ್ಟು ಕಾಫಿ ಕುಡಿಯಲು ಹೋದೆ. ಆಮೇಲೆ ಅವನು ಕಮಿಷನ್ನಿನ ಅರ್ಧವನ್ನು ಇಡೀ ಮಹಡಿಗೆ ಹಂಚುವಂತೆ ಮಾಡಿದ. ಬಾಗಿಲ ಬಳಿಯ ನೂಕಾಟ ತಗ್ಗಿತು, ಸೀರೆಗಳು ಮಡಿಕೆ ಕಂಡವು. ಅತಿ ಹೆಚ್ಚು ಬಿಲ್ ಮಾಡುತ್ತಿದ್ದ ಹುಡುಗ ಮಾತ್ರ ಇದು ಅನ್ಯಾಯವೆಂದು ಹುಬ್ಬಳ್ಳಿಗೆ ಹೊರಟುಹೋದ. ಅವನ ತಕ್ಕಡಿಯಲ್ಲಿ ಅದು ಅನ್ಯಾಯವೇ.

ಹಿರಿಯನನ್ನು ಕರೆತರಲು ಮಾಲೀಕನೇ ಅವನ ಮನೆಗೆ ಹೋದ. ಸಂಬಳ ಏರಿಸುತ್ತೇನೆ ಎಂದ. ಅದಕ್ಕೆ ಅವನು ಬೇಡವೆನ್ನಲಿಲ್ಲ, ಆದರೆ ಇನ್ನೊಂದು ಕೇಳಿದ: ಮೊಳಕಾಲ್ಮೂರು ಸೀರೆಗಳ ಖರೀದಿಗೆ ತಾನೇ ಹೋಗಬೇಕು, ಆರಿಸುವುದು ತನ್ನ ಕಣ್ಣಿಗೆ ಬಿಟ್ಟದ್ದು. ಮಾಲೀಕ ಎರಡು ದಿನ ಯೋಚಿಸಿ ಒಪ್ಪಿದ. ಮೊದಲ ಸಲ ಅವನು ಬೆಳಗಿನ ಬಸ್ಸಿಗೆ ಹೋಗಿ ನಲವತ್ತು ಸೀರೆ ತಂದ. ಅದರಲ್ಲಿ ಹನ್ನೊಂದು ಇನ್ನೂ ಕಪಾಟಿನಲ್ಲಿವೆ. ಬಣ್ಣ ಈಗಿನವರಿಗೆ ಹಿಡಿಸುವಂಥದ್ದಲ್ಲ ಎಂದು ಮಾಲೀಕ, ತೋರಿಸುವವರಿಗೆ ತೋರಿಸಲು ಬರುತ್ತಿಲ್ಲ ಎಂದು ಹಿರಿಯ. ಕಳೆದ ವಾರ ನಾನು ಹೋದಾಗಲೂ ಇಬ್ಬರೂ ಗಲ್ಲಾಪೆಟ್ಟಿಗೆಯ ಬಳಿ ನಿಂತು ದನಿ ಏರಿಸಿ ಅದನ್ನೇ ಜಗಳವಾಡುತ್ತಿದ್ದರು. ಹಿಂದೆ ಹದಿನಾಲ್ಕು ವರ್ಷ ಅವನು ಆ ಗಲ್ಲಾಪೆಟ್ಟಿಗೆಯ ಎದುರು 'ಸರಿ ಸಾಹುಕಾರರೇ' ಎಂಬುದರ ಹೊರತು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.